ಕಲ್ಲುಗಳನ್ನು ತಟ್ಟಿ ನೋಡುತ್ತಿದ್ದ ಅಕ್ಕ

ಅಕ್ಕನ ಬೀಳ್ಕೊಡುಗೆಯ ಫೋಟೊ ಹೋದ ಭಾನುವಾರ ನನ್ನ ಫೋನಿಗೆ ಬಂತು. ಕಳಿಸಿದವರು ಸಂಗ್ರಹಾಲಯದ ಸಮಿತಿಯವರಲ್ಲ, ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಅವರನ್ನು ಕರೆದಿದ್ದರಂತೆ. ಫೋಟೊದಲ್ಲಿ ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ. ಕೊರಳಲ್ಲಿ ಸೇವಂತಿಗೆ ಹಾರ, ಹೆಗಲ ಮೇಲೆ ಹೊಸ ಶಾಲು. ಸೀರೆಯ ಮೇಲೆ ಯಾವಾಗಲೂ ತೊಡುತ್ತಿದ್ದ ಗಂಡಸರ ಅಂಗಿ ಅವತ್ತೂ ಇದೆ. ಬಲಗಾಲು ಮುಂದಕ್ಕೆ ಚಾಚಿಕೊಂಡಿದೆ, ಅದು ಈಗ ಪೂರ್ತಿ ಮಡಚುವುದಿಲ್ಲ. ಸುತ್ತ ನಲವತ್ತು ಐವತ್ತು ಜನ. ಇಷ್ಟು ಜನ ನನ್ನ ಬೀಳ್ಕೊಡುಗೆಗೆ ಬರಲಾರರು ಎಂದು ಫೋಟೊ ನೋಡಿದ ಕೂಡಲೇ ನನಗನ್ನಿಸಿತು. ಆ ಕಾಲು ಹಾಗಾಗಲು ನಾನು ಕಾರಣ ಎನ್ನುವುದು ಆಮೇಲೆ ನೆನಪಾಯಿತು. ನೆನಪಾದದ್ದು ಈ ಕ್ರಮದಲ್ಲೇ ಎನ್ನುವುದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟು ಬರೆಯುವುದಾದರೆ ಅಕ್ಕನ ಬಗ್ಗೆ ಬರೆಯದಿರುವುದೇ ಮೇಲು.

ಹೊಸೂರಿನಿಂದ ಡೆಂಕಣಿಕೋಟೆಗೆ ಹೋಗುವ ದಾರಿಯಲ್ಲಿ ಹಿಂದೆ ರೇಷ್ಮೆಗೂಡು ತುಂಬಿಡುತ್ತಿದ್ದ ಒಂದು ಗೋದಾಮಿದೆ. ಊರಿನ ಕೆಲವರು ಸಮಿತಿ ಮಾಡಿಕೊಂಡು ಅದರಲ್ಲಿ ಹಳೆಯ ಶಿಲ್ಪಗಳನ್ನು ಕೂಡಿಹಾಕಿದ್ದಾರೆ. ಮುಂದಿನ ಹಾಲಿನಲ್ಲಿ ತಲೆಯಿಲ್ಲದ ಒಬ್ಬ ದೇವಿ, ಸೊಂಡಿಲು ಮುರಿದ ಗಣಪತಿ, ಸಾಲಾಗಿ ಕೂತ ಏಳು ಮಾತೃಕೆಯರು. ಹಿಂದಿನ ತಗಡಿನ ಚಾವಣಿಯ ಕೆಳಗೆ, ಮರಳು ತುಂಬಿದ ಉದ್ದನೆಯ ಗುಂಡಿಯಲ್ಲಿ, ಇಪ್ಪತ್ತೊಂದು ವೀರಗಲ್ಲುಗಳು. ಮೋಡ ಕವಿದ ದಿನ ಇವತ್ತಿಗೂ ಹಾಲಿನಲ್ಲಿ ಗೂಡಿನ ವಾಸನೆ ಏಳುತ್ತದೆ. ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಅವರು ಅಲ್ಲಿ ಬಾಗಿಲು ತೆಗೆದು, ಗುಡಿಸಿ, ಟಿಕೆಟ್ ಹರಿದು, ಸಂಜೆ ಬೀಗ ಹಾಕುವ ಕೆಲಸಕ್ಕಿದ್ದರು. ನಾನು ಹೊಸೂರಿನ ಒಂದು ಶಾಲೆಯಲ್ಲಿ ಇತಿಹಾಸದ ಟೀಚರು, ಮನೆ ಆಲಸನತ್ತಂನಲ್ಲಿ. ಎಂ.ಎ. ಆದ ಮೇಲೆ ಶಾಸನ ಓದುವುದನ್ನು ಒಂದು ವರ್ಷ ಕಲಿತಿದ್ದೆ. ಶನಿವಾರ ಶನಿವಾರ ಬಂದು ಕಲ್ಲುಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ವಿವರದ ಹಲಗೆ ಬರೆದುಕೊಡಿ ಎಂದು ಸಮಿತಿಯ ಕಾರ್ಯದರ್ಶಿಗಳು ಕೇಳಿಕೊಂಡಿದ್ದರು. ಖುಷಿಯಿಂದ ಒಪ್ಪಿಕೊಂಡೆ. ಶಾಲೆಯಲ್ಲಿ ನಾನು ಕಲಿತದ್ದನ್ನು ಕೇಳುವವರು ಯಾರೂ ಇರಲಿಲ್ಲ.

ಮೊದಲ ತಿಂಗಳಲ್ಲೇ ಆನೆಯ ಕಲ್ಲಿನ ಪ್ರಸಂಗ ನಡೆಯಿತು. ಕಲ್ಲಿನ ಮೇಲೆ ಒಬ್ಬ ಗಂಡಸು ಈಟಿ ಎತ್ತಿ ನಿಂತಿದ್ದಾನೆ, ಎದುರಿಗೆ ಆನೆ. ಮದವೇರಿದ ಆನೆಯೊಡನೆ ಕಾದಾಡಿ ಮಡಿದ ವೀರ ಎಂದು ಹಲಗೆಯ ಮೇಲೆ ಬರೆದಿಟ್ಟೆ. ಅಕ್ಕ ಪೊರಕೆ ಗೋಡೆಗೊರಗಿಸಿ ಅದರ ಮುಂದೆ ನಿಂತರು. ಅವರು ತಮಿಳಿನಲ್ಲಿ ನಾಲ್ಕನೇ ತರಗತಿಯವರೆಗೆ ಓದಿದ್ದರು, ಕನ್ನಡದ ಹಲಗೆಯನ್ನು ನಾನೇ ಓದಿ ಹೇಳಬೇಕಾಯಿತು. ಕೇಳಿಸಿಕೊಂಡು ಆನೆಯ ಕಿವಿಯ ಮೇಲೆ ಬೆರಳಾಡಿಸಿದರು.

"ಈ ಆನೆ ಮೇಲೆ ಬೀಳಾಕೆ ಬತ್ತಿಲ್ಲ ಟೀಚರಮ್ಮ. ಬೀಳಂಗಿದ್ರೆ ಕಿವಿ ತಲೆಗೆ ಅಂಟಿಸ್ಕೊಂಡು, ಸೊಂಡ್ಲು ಒಳಕ್ಕೆ ಸುತ್ಕೊಂಡು ಬತ್ತದೆ. ಇದು ಮೊರದಂಗೆ ಕಿವಿ ಅಗಲಿಸೈತೆ. ಹೆದರಿಸ್ತೈತೆ ಅಷ್ಟೆ. ಹೋಗ್ಲಾ ಅಂತೈತೆ."

ಹಾಗಾದರೆ ಇವನು ಸತ್ತದ್ದು ಹೇಗೆ ಎಂದು ಕೇಳಿದೆ. ನನ್ನ ದನಿಯಲ್ಲಿ ಪರೀಕ್ಷೆ ಮಾಡುವವರ ಧಾಟಿ ಇತ್ತು.

"ಹೋಗ್ಲಿಲ್ಲ, ಅದಕ್ಕೆ ಸತ್ತ. ಅವನ ಕಾಲಿಂದೆ ನೋಡಿ. ರಾಗಿ ಮೆದೆ."

ಕಾಲಿನ ಹಿಂದೆ ಗುಮ್ಮಟದ ಹಾಗೆ ಒಂದು ಉಬ್ಬು ಇತ್ತು. ನಾನು ಅದನ್ನು ಸವೆದ ಭಾಗ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಬೆರಳಿಟ್ಟು ನೋಡಿದರೆ ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೆರೆಗಳು, ಹುಲ್ಲಿನವು. ಅಕ್ಕನ ತವರಿನ ಹೊಲ ಡೆಂಕಣಿಕೋಟೆಯ ಕಾಡಂಚಿನಲ್ಲಿದೆ. ಸುಗ್ಗಿಯಲ್ಲಿ ಆನೆ ಕಾಯುತ್ತ ಬೆಳೆದವರು. ಹಲಗೆಯನ್ನು ಬದಲಾಯಿಸಿ ಬರೆದೆ. ಬರೆಯುವಾಗ ಕೈ ಸರಾಗವಾಗಿ ಓಡಲಿಲ್ಲ.

ಮದುವೆಯಾದ ಮೇಲೆ ಅವರು ಕೃಷ್ಣಗಿರಿ ಕಡೆ ಕಲ್ಲು ಕ್ವಾರಿಯಲ್ಲಿ ಹದಿನಾಲ್ಕು ವರ್ಷ ದುಡಿದಿದ್ದರು. ಎಡಗೈಯ ಎರಡು ಬೆರಳಿಗೆ ಉಗುರಿರಲಿಲ್ಲ. ಬೆಳಿಗ್ಗೆ ಬಂದವರೇ ಮೊದಲು ಹಿಂದಿನ ಚಾವಣಿಗೆ ಹೋಗಿ ಒಂದೊಂದೇ ವೀರಗಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು, ಬುಡದ ಮರಳನ್ನು ಕಾಲಿನಿಂದ ಒತ್ತಿ ನೋಡುತ್ತಿದ್ದರು. ಕಲ್ಲು ಕುಂತೈತಾ ಇಲ್ವಾ ನೋಡಬೇಕು ಎನ್ನುತ್ತಿದ್ದರು. ಅಲ್ಲಿ ಸಿಮೆಂಟ್ ಹಾಕಿರಲಿಲ್ಲ. ಗುಂಡಿಯಲ್ಲಿ ಕಲ್ಲು ನಿಲ್ಲಿಸಿ, ಬುಡಕ್ಕೆ ನಾಲ್ಕು ಕಡೆ ಬೆಣೆಗಲ್ಲು ಕೊಟ್ಟು, ಮರಳು ತುಂಬಿ, ಹಾರೆಯ ಹಿಂತುದಿಯಿಂದ ಗಟ್ಟಿಯಾಗುವ ತನಕ ಜಡಿಯುವುದು. ಹಾಗೆ ನಿಲ್ಲಿಸಿದರೆ ಬೇಕಾದಾಗ ಎತ್ತಬಹುದು, ಕಲ್ಲಿಗೂ ಪೆಟ್ಟಿಲ್ಲ. ಇಪ್ಪತ್ತೊಂದು ಕಲ್ಲನ್ನೂ ಅಕ್ಕನೇ ನಿಂತು ಕೂರಿಸಿದ್ದರು.

ಸಂಜೆ ಬೀಗ ಹಾಕುವ ಮುಂಚೆ ಮತ್ತೊಮ್ಮೆ ಸುತ್ತು. ಆಗ ಮಾತ್ರ ದನ ಎಣಿಸುವವರ ಹಾಗೆ ಎಲ್ಲಾ ಬಂದ್ರಾ ಎಂದು ಕೇಳುತ್ತಿದ್ದರು. ತಲೆಯಿಲ್ಲದ ದೇವಿಯ ಮುಂದೆ ಬಂದಾಗ ಅವರದೊಂದು ಮಾತಿತ್ತು, ಯಾರು ಪಕ್ಕದಲ್ಲಿದ್ದರೂ ಹೇಳುತ್ತಿದ್ದರು: "ನೋಡಿ, ತಲೆ ಇಲ್ದಿದ್ರೂ ಎಂಗ್ ನಿಂತವ್ಳೆ. ನಾವು ತಲೆ ಇಟ್ಕೊಂಡು ಕುಂತೀವಿ."

ಬಂದವರೆಲ್ಲ ಅವರ ಹಿಂದೆ ಹೋಗುತ್ತಿದ್ದರು. ಕಾರ್ಖಾನೆಯ ವಾರದ ರಜೆಗೆ ಬಂದ ತಮಿಳು ಹುಡುಗಿಯರೊಡನೆ ತಮಿಳು, ಬಾಗಲೂರು ಕಡೆಯವರೊಡನೆ ತೆಲುಗು, ನಮ್ಮೊಡನೆ ಕನ್ನಡ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋಗುವಷ್ಟರಲ್ಲಿ ಭಾಷೆ ಬದಲಾಗುತ್ತಿತ್ತು, ಅದು ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ನನ್ನದು ಪುಸ್ತಕದ ತಮಿಳು. ನಾನು ಬಾಯಿ ತೆರೆದರೆ ಜನ ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದರು, ಆಮೇಲೆ ಮೆಲ್ಲಗೆ ಫೋನು ತೆಗೆಯುತ್ತಿದ್ದರು. ಒಂದು ಸಲ ನನ್ನ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆತಂದು ನಲವತ್ತು ನಿಮಿಷ ಮಾತಾಡಿದೆ. ರಾತ್ರಿ ಕೂತು ತಯಾರಿ ಮಾಡಿಕೊಂಡು ಬಂದಿದ್ದೆ. ಮುಗಿಸಿ ಪ್ರಶ್ನೆ ಇದ್ದರೆ ಕೇಳಿ ಎಂದಾಗ ಮುಂದಿನ ಸಾಲಿನ ಹುಡುಗಿ, ನನಗೆ ತುಂಬ ಇಷ್ಟವಾದ ಹುಡುಗಿ, ಕೈ ಎತ್ತಿದಳು.

"ಮಿಸ್, ಇನ್ನೊಂದು ಕಲ್ಲು ಆ ಅಕ್ಕ ಹೇಳ್ಲಿ ಮಿಸ್."

ಅಕ್ಕನಿಗೆ ನನ್ನ ಹೊಟ್ಟೆಕಿಚ್ಚು ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ತಿಳಿದಿದ್ದರೆ ಹಾಗೆ ನಡೆದುಕೊಳ್ಳುತ್ತಿರಲಿಲ್ಲ ಅನ್ನಿಸುತ್ತದೆ. ಶನಿವಾರ ನನಗೆಂದು ಒಂದು ಕುರ್ಚಿ ಒರೆಸಿ ಫ್ಯಾನಿನ ಕೆಳಗೆ ಇಟ್ಟಿರುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಬಿಡಿಸಿದ ಕಾಳನ್ನು ಕವರಿನಲ್ಲಿ ಕಟ್ಟಿ ತಂದು ಕೊಡುತ್ತಿದ್ದರು. ಬಂದವರಿಗೆಲ್ಲ ನನ್ನನ್ನು ತೋರಿಸಿ, ಇವರು ಎಂ.ಎ. ಓದವ್ರೆ, ಕಲ್ಲಿನ ಅಕ್ಷರ ಓದ್ತಾರೆ, ನಂಗದೆಲ್ಲ ಬರಾಕಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಜನ ನನ್ನ ಕಡೆ ತಿರುಗಿ ನೋಡಿ, ನಮಸ್ಕಾರ ಮಾಡಿ, ಮತ್ತೆ ಅವರ ಕಡೆ ತಿರುಗುತ್ತಿದ್ದರು. ಕೆಟ್ಟವರ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ. ಅವರೆಕಾಳು ಬಿಡಿಸಿ ತಂದುಕೊಡುವವರ ಮೇಲೆ ಪಡುವಾಗ ನಮ್ಮನ್ನು ನಾವೇ ನೋಡಿಕೊಳ್ಳಬೇಕಾಗುತ್ತದೆ.

ಆಮೇಲೆ ಯಾರೋ ಅವರು ಆನೆಯ ಕಲ್ಲಿನ ಬಗ್ಗೆ ಹೇಳುವುದನ್ನು ಫೋನಿನಲ್ಲಿ ಹಿಡಿದು ಹರಿಯಬಿಟ್ಟರು. ಬರುವವರು ಬಾಗಿಲಲ್ಲೇ, ವಿಡಿಯೋದಲ್ಲಿ ಬರೋ ಅಮ್ಮ ಎಲ್ಲಿ ಎಂದು ನನ್ನನ್ನು ಕೇಳತೊಡಗಿದರು. ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಅದನ್ನು ನೋಡಿ ಬಂದರು. ಅವರ ಪುಸ್ತಕಗಳನ್ನು ನಾನು ಓದಿದ್ದೆ, ಅಡಿಗೆರೆ ಎಳೆದು ಓದಿದ್ದೆ. ಅವರು ಇಡೀ ದಿನ ಅಕ್ಕನ ಜೊತೆ ಮರಳಿನ ಮೇಲೆ ಕೂತಿದ್ದರು, ಅಕ್ಕನ ಡಬ್ಬಿಯ ಮುದ್ದೆ ಮುರಿದು ತಿಂದರು. ಗೆರೆಗಳ ಮೇಲೆ ಓರೆಯಾಗಿ ಬೆಳಕು ಬೀಳಬೇಕಿತ್ತು. ಪ್ರೊಫೆಸರು ನನ್ನ ಕಡೆ ನೋಡಿ, ಮೇಡಂ ಸ್ವಲ್ಪ ಟಾರ್ಚ್ ಹಿಡೀತೀರಾ ಎಂದರು. ಹಿಡಿದೆ. ಮೂರು ಗಂಟೆಯಿಂದ ಐದು ಗಂಟೆಯವರೆಗೆ ಹಿಡಿದೆ.

ಟಾರ್ಚಿನ ಆ ಎರಡು ಗಂಟೆ ಇಲ್ಲದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ. ನೆಪ ಹೇಳುತ್ತಿಲ್ಲ, ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತಿದ್ದೇನೆ.

ಕೊನೆಯ ಸಾಲಿನಲ್ಲಿ ಅಂಚೆಟ್ಟಿ ಬೆಟ್ಟದ ಒಂದು ಹಳ್ಳಿಯಿಂದ ಬಂದ ಕಲ್ಲಿತ್ತು, ನನ್ನೆತ್ತರಕ್ಕಿಂತ ಒಂದು ಮೊಳ ಹೆಚ್ಚು. ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲು. ರಸ್ತೆ ಅಗಲ ಮಾಡುವಾಗ ಅದನ್ನು ಕೀಳಬೇಕಾಗಿ ಬಂದು, ಆ ಮನೆತನದವರು ಒಂದು ಷರತ್ತಿನ ಮೇಲೆ ಸಂಗ್ರಹಾಲಯಕ್ಕೆ ಕೊಟ್ಟಿದ್ದರು. ಸಂಕ್ರಾಂತಿಯ ಮಾರನೇ ದಿನ ತಾವು ಬಂದು ಅದಕ್ಕೆ ಒಂದು ಕೊಡ ನೀರು ಹೊಯ್ದು ಪೂಜೆ ಮಾಡುತ್ತೇವೆ ಎಂದು. ಕಾರ್ಯದರ್ಶಿಗಳಿಗೆ ಅದು ಇಷ್ಟವಿರಲಿಲ್ಲ. ಅರಿಸಿನ ಎಣ್ಣೆಯಿಂದ ಕಲ್ಲು ಹಾಳಾಗುತ್ತದೆ, ನೀರಿನಿಂದ ಮರಳು ಸಡಿಲವಾಗುತ್ತದೆ ಎಂದು ಪ್ರತಿ ವರ್ಷ ತಡೆಯಲು ನೋಡುತ್ತಿದ್ದರು. ಅಕ್ಕ ಬಿಡುತ್ತಿರಲಿಲ್ಲ. ಮನೇ ಕಲ್ಲು ಕೊಟ್ಟೋರು ವರ್ಷಕ್ಕೊಂದು ಕೊಡ ನೀರು ಕೇಳ್ತಾರೆ, ಏನಾದ್ರೂ ಆದ್ರೆ ನನ್ನ ಕೆಲಸದಿಂದ ತೆಗೀರಿ ಎಂದು ಸಭೆಯಲ್ಲೇ ಹೇಳಿದ್ದರು. ಕಾರ್ಯದರ್ಶಿಗಳು ಆ ಮಾತನ್ನು ನಡಾವಳಿಯಲ್ಲಿ ಬರೆಸಿಕೊಂಡಿದ್ದರು.

ಆ ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಹಳಗನ್ನಡದ ಮೂರು ಸಾಲುಗಳಿದ್ದವು. ಮೂರನೆಯ ಸಾಲು ಅರ್ಧ ವಾಕ್ಯಕ್ಕೆ ನಿಂತಿತ್ತು. ಉಳಿದರ್ಧ ಮರಳಿನೊಳಗೆ ಹೂತ ಭಾಗದಲ್ಲಿರಬೇಕು ಎಂದು ನನಗೆ ಮಾತ್ರ ಹೊಳೆದಿತ್ತು. ಅಕ್ಕ ಆನೆಯನ್ನು ಓದಬಲ್ಲರು, ಅಕ್ಷರವನ್ನಲ್ಲ. ಇದೊಂದು ನನ್ನದು ಎಂದುಕೊಂಡೆ.

ಮೂರು ವರ್ಷದ ಹಿಂದೆ, ಸಂಕ್ರಾಂತಿಗೆ ಐದು ದಿನ ಮುಂಚೆ, ಮಗಳ ಹೆರಿಗೆಗೆಂದು ಅಕ್ಕ ರಜೆ ಹಾಕಿ ಹೋದರು. ಶನಿವಾರ ಮಧ್ಯಾಹ್ನ ಬೀಗದ ಕೈ ನನ್ನ ಹತ್ತಿರವಿತ್ತು. ಮುಂಭಾಗದ ಎರಡು ಬೆಣೆಗಲ್ಲುಗಳನ್ನು ಕಿತ್ತು ಪಕ್ಕಕ್ಕಿಟ್ಟು, ಕೈಯಲ್ಲೇ ಮರಳು ತೋಡಿದೆ. ಮೊಣಕೈವರೆಗೆ ಇಳಿದಾಗ ಅಕ್ಷರ ಸಿಕ್ಕಿತು. ಪೂರ್ತಿ ನಾಲ್ಕನೇ ಸಾಲು, ಹೂತಿದ್ದರಿಂದ ಒಂಚೂರೂ ಸವೆದಿರಲಿಲ್ಲ. ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು ಕೂರಿಸಿ, ಮೇಲೆ ಮಸಿ ಒತ್ತಿ ಅಚ್ಚು ತೆಗೆದೆ. ಕಪ್ಪಿನ ಮಧ್ಯೆ ಅಕ್ಷರಗಳು ಬೆಳ್ಳಗೆ ಎದ್ದು ಬಂದವು. ಆ ವೀರನ ಮಗಳು ಈ ಕಲ್ಲನ್ನು ನಿಲ್ಲಿಸಿದಳು ಎಂದಿತ್ತು. ಹೆಂಡತಿಯಲ್ಲ, ತಮ್ಮನಲ್ಲ, ಊರಲ್ಲ, ಮಗಳು. ಅಂಥದ್ದನ್ನು ನಾನು ಬೇರೆಲ್ಲೂ ಓದಿರಲಿಲ್ಲ. ಮರಳಿನ ಮೇಲೆ ಕೂತು ಒಬ್ಬಳೇ ನಕ್ಕೆ.

ಆಮೇಲೆ ಬೆಣೆಗಳನ್ನು ಇದ್ದ ಜಾಗಕ್ಕೆ ನೂಕಿ, ಮರಳು ಎಳೆದು ಮುಚ್ಚಿ, ಚಪ್ಪಲಿಯಿಂದ ತುಳಿದು ಸಮ ಮಾಡಿದೆ. ನೋಡಲು ಮೊದಲಿನ ಹಾಗೇ ಇತ್ತು. ಹಾರೆ ಗೋಡೆಗೆ ಒರಗಿಕೊಂಡೇ ಇತ್ತು. ಜಡಿಯುವುದೆಂದರೆ ಅಕ್ಕನ ಒಂದು ಅಭ್ಯಾಸ ಎಂದುಕೊಂಡಿದ್ದೆ, ಕಲ್ಲು ಅದರ ಮೇಲೆಯೇ ನಿಂತಿರುತ್ತದೆ ಎಂದು ತಿಳಿದಿರಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಅಕ್ಕ ರಜೆ ಮುಗಿಸಿ ನೇರವಾಗಿ ಬಸ್ಸಿನಿಂದ ಬಂದಿಳಿದರು. ಬೆಟ್ಟದವರು ಆಗಲೇ ಟೆಂಪೊದಲ್ಲಿ ಬಂದು ಬಾಗಿಲಲ್ಲಿ ಕಾಯುತ್ತಿದ್ದರು, ಹದಿನೈದು ಜನರಿರಬಹುದು. ಹಾಗಾಗಿ ಎಂದಿನ ಸುತ್ತು ಹಾಕಲಾಗಲಿಲ್ಲ. ಬೀಗ ತೆಗೆದವರೇ ಎಲ್ಲರನ್ನೂ ಹಿಂದಕ್ಕೆ ಕರೆತಂದರು. ಕಲ್ಲಿನ ಹತ್ತಿರ ಬಂದು ನಿಂತು, ಬುಡ ನೋಡಿ, ನನ್ನ ಕಡೆ ತಿರುಗಿದರು.

"ಟೀಚರಮ್ಮ, ನಾನಿಲ್ದಾಗ ಯಾರಾನ ಇಲ್ಲಿ ಮರಳು ಮುಟ್ಟಿದ್ರಾ? ಬಣ್ಣ ಬ್ಯಾರೆ ಐತೆ."

"ಇಲ್ಲ," ಎಂದೆ.

ಅಷ್ಟೆ. ಒಂದು ಪದ. ಅವರು ನನ್ನ ಮುಖ ನೋಡಿದರು, ತಲೆಯಾಡಿಸಿದರು, ತೆಂಗಿನಕಾಯಿ ತೆಗೆದುಕೊಂಡರು. ನಾನು ಹೇಳಿದ್ದನ್ನು ಅವರು ಯಾವತ್ತೂ ಅನುಮಾನಿಸಿದವರಲ್ಲ.

ನಾನು ದಾಖಲೆಗೆಂದು ಫೋನಿನಲ್ಲಿ ಹಿಡಿಯುತ್ತಿದ್ದೆ. ಆ ವಿಡಿಯೋ ಇನ್ನೂ ಇದೆ. ಕಲ್ಲು ಅಲ್ಲಾಡಿದಾಗಿನಿಂದ ಚಿತ್ರ ನೆಲಕ್ಕೆ ತಿರುಗುವವರೆಗೆ ಒಂಬತ್ತು ಸೆಕೆಂಡು. ಎಷ್ಟು ಸಲ ನೋಡಿದ್ದೇನೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆ ಮನೆಯ ಹಿರಿಯ ಮಗಳು, ಎಪ್ಪತ್ತು ದಾಟಿದ ಮುದುಕಿ, ಕೊಡ ಬಗ್ಗಿಸುತ್ತಾರೆ. ನೀರು ಬುಡದಲ್ಲಿ ನಿಲ್ಲುವುದಿಲ್ಲ, ಗಳಗಳನೆ ಒಳಕ್ಕೆ ಇಳಿದುಹೋಗುತ್ತದೆ. ಮುದುಕಿ ಕೊಡ ಪಕ್ಕಕ್ಕಿಟ್ಟು ಮಂಡಿಯೂರಿ ಹಣೆಯನ್ನು ಕಲ್ಲಿಗೆ ತಾಗಿಸುತ್ತಾರೆ. ಕಲ್ಲು ಉಸಿರು ಬಿಟ್ಟ ಹಾಗೆ ಸ್ವಲ್ಪ ಕುಸಿಯುತ್ತದೆ. ಅದನ್ನು ನಾನು ನೋಡಿದೆ. ಎಲ್ಲರಿಗಿಂತ ಮೊದಲು ನೋಡಿದೆ, ಯಾಕೆಂದರೆ ನಾನು ಅದನ್ನೇ ನೋಡುತ್ತಿದ್ದೆ. ಕೈ ಫೋನನ್ನು ಹಿಡಿದುಕೊಂಡೇ ಇತ್ತು. ಅಷ್ಟರಲ್ಲಿ ಕಲ್ಲಿನ ನೆತ್ತಿ ಮುಂದಕ್ಕೆ ಬಾಗಿತು.

ಅಕ್ಕ ಕೂಗಲಿಲ್ಲ. ಕೂಗಿದ್ದರೆ ಮುದುಕಿ ತಲೆಯೆತ್ತಿ ನೋಡುತ್ತಿದ್ದರು, ಅಷ್ಟರಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ತೆಂಗಿನಕಾಯಿ ಬಿಟ್ಟು, ಮುದುಕಿಯ ತುರುಬಿಗೆ ಕೈ ಹಾಕಿ, ಗಂಟಿನ ಸಮೇತ ಹಿಡಿದು ಪಕ್ಕಕ್ಕೆ ಎಳೆದೊಗೆದರು. ಇನ್ನೊಂದು ಕೈ, ಭುಜ, ಕಲ್ಲಿನ ಅಂಚಿಗೆ ಕೊಟ್ಟರು. ತಡೆಯಲು ನೋಡಲಿಲ್ಲ, ತಿರುಗಿಸಿದರು. ಕಲ್ಲು ಒಂದು ಚೂರು ಹೊರಳಿ, ಮುದುಕಿಯ ಕಾಲಿಗೆ ತಾಗದೆ, ಅವರ ತಲೆ ಇದ್ದ ಜಾಗದ ಮೇಲೆ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ, ಲಾರಿಯಿಂದ ಮೂಟೆ ಇಳಿಸಿದ ಹಾಗೆ. ಮರಳು ಒಂದು ಅಲೆ ಎದ್ದು ನನ್ನ ಪಾದಕ್ಕೆ ತಾಗಿತು. ಅಲ್ಲಿಗೆ ವಿಡಿಯೋ ನೆಲ ತೋರಿಸುತ್ತದೆ.

ಅಕ್ಕನ ಬಲಗಾಲು ಕಲ್ಲಿನ ಕೆಳಗಿತ್ತು.

ಬೆಟ್ಟದ ಗಂಡಸರು ಹಾರೆ ತಂದು ಎತ್ತಲು ಹೋದರು. ಆಗಲೂ ಅಕ್ಕನೇ ಹೇಳಿಕೊಟ್ಟರು. ಮುಖ ಬೂದಿಯ ಹಾಗಾಗಿತ್ತು, ಮಾತು ಮಾತ್ರ ಸ್ಪಷ್ಟವಿತ್ತು.

"ಆ ಕಡೆಯಿಂದ ಬ್ಯಾಡ್ರಪ್ಪ, ಮೂಲೆ ಕಿತ್ಕೊಂತದೆ. ಈ ಕಡೆ ಒಂದು ಕಲ್ಲು ಕೊಟ್ಟು ಮೀಟಿ. ನಿಧಾನ."

ಅದನ್ನು ಕೇಳುತ್ತ ನಿಂತಿದ್ದಾಗಲೂ ನನ್ನೊಳಗೆ ಒಂದು ಮೂಲೆ, ಇವರಿಗೆ ಈಗಲೂ ಹೇಗೆ ಗೊತ್ತಾಗುತ್ತದೆ ಎಂದು ಉರಿಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ.

ಕಾಲಿನ ಎರಡು ಬೆರಳು ಹೋದವು, ಪಾದದ ಮತ್ತು ಮೊಣಕಾಲಿನ ಮೂಳೆ ಚೂರಾಗಿ ರಾಡು ಹಾಕಿದರು. ನಾನು ಆಸ್ಪತ್ರೆಗೆ ಹೋಗಿ ಕಿತ್ತಳೆ ಕೊಟ್ಟು ಬಂದೆ. ಬೆಟ್ಟದ ಮುದುಕಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಅಲ್ಲಿ ಹೇಳಬೇಕೆಂದುಕೊಂಡೆ. ಮುದುಕಿ ಇದ್ದಾರಲ್ಲ ಎಂದು ಬಿಟ್ಟೆ. ಎರಡನೇ ಸಲ ಹೋದಾಗ ಮುದುಕಿ ಇರಲಿಲ್ಲ. ಆಗಲೂ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಸಮಿತಿ ಸಭೆ ಕರೆಯಿತು. ಅಕ್ಕ ಊರುಗೋಲು ಹಿಡಿದು ಬಂದು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತರು. ಕಾರ್ಯದರ್ಶಿಗಳು ಹಳೆಯ ನಡಾವಳಿ ಓದಿದರು. ನೀರಿನಿಂದ ಮರಳು ಸಡಿಲವಾಗುತ್ತದೆ ಎಂದು ಸಮಿತಿ ಮೊದಲೇ ಎಚ್ಚರಿಸಿತ್ತು, ಜವಾಬ್ದಾರಿ ನನ್ನದು ಎಂದು ಈಕೆ ಒಪ್ಪಿಕೊಂಡಿದ್ದಳು, ಆದ್ದರಿಂದ ಕೆಲಸದಿಂದ ಬಿಡಿಸುವುದು, ಬೆಟ್ಟದವರ ಪೂಜೆಯನ್ನೂ ನಿಲ್ಲಿಸುವುದು. ಕೆಲಸದ ವಿಷಯಕ್ಕೆ ಅಕ್ಕ ತಲೆತಗ್ಗಿಸಿ ಕೂತಿದ್ದರು. ಪೂಜೆಯ ಮಾತು ಬಂದಾಗ ಎದ್ದು ನಿಲ್ಲಲು ನೋಡಿದರು.

"ನನ್ನ ತೆಗೀರಿ ಸಾರ್, ಅವ್ರನ್ನ ಬ್ಯಾಡ ಅನ್ಬೇಡಿ. ಅವ್ರು ಇನ್ನೆಲ್ಲಿಗೆ ಹೋಗ್ತಾರೆ? ಕಲ್ಲು ಇಲ್ಲೈತೆ."

ಆ ಹೆಂಗಸು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮರಳು ಸಡಿಲವಾದದ್ದು ನೀರಿನಿಂದಲ್ಲ, ನಾನು ಅಗೆದಿದ್ದೆ, ಬೆಣೆ ಕಿತ್ತಿದ್ದೆ ಎಂದೆ. ಕಾರ್ಯದರ್ಶಿಗಳು ನನ್ನನ್ನು ನೋಡಿ ಕರುಣೆಯಿಂದ ನಕ್ಕರು.

"ಟೀಚರ್, ನಿಮ್ಮ ಒಳ್ಳೆ ಮನಸ್ಸು ನಮಗೆ ಗೊತ್ತು. ಅವಳಿಗೋಸ್ಕರ ನೀವು ತಪ್ಪು ತಲೆ ಮೇಲೆ ಹಾಕ್ಕೋಬೇಡಿ. ನೀವು ಓದಿದವರು, ಅಂಥ ಕೆಲಸ ಮಾಡ್ತೀರಾ?"

ಉಳಿದವರೂ ತಲೆದೂಗಿದರು. ಒಬ್ಬರು, ಎಂಥ ಗುಣ ನೋಡಿ ಎಂದು ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಅಷ್ಟು ವರ್ಷ ಆ ಕಟ್ಟಡದಲ್ಲಿ ನನಗೆ ಸಿಗದ ಮೆಚ್ಚುಗೆ ಆ ನಿಮಿಷದಲ್ಲಿ ಸಿಕ್ಕಿತು. ಅಲ್ಲಿಗೆ ಸುಮ್ಮನೆ ಕೂತಿದ್ದರೆ ಎಲ್ಲ ನನ್ನ ಪಾಲಿಗೆ ಒಳ್ಳೆಯದೇ ಆಗುತ್ತಿತ್ತು, ಅಕ್ಕ ಮಾತ್ರ ಮನೆಗೆ ಹೋಗುತ್ತಿದ್ದರು. ಕೂತೂ ಬಿಟ್ಟಿದ್ದೆ. ಮತ್ತೆ ಎದ್ದು ಚೀಲದಿಂದ ಮಸಿಯಚ್ಚಿನ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದೆ. ಮೂಲೆಯಲ್ಲಿ ನನ್ನ ಕೈಬರಹದಲ್ಲಿ ತಾರೀಖು ಇತ್ತು. ನಾಲ್ಕನೇ ಸಾಲು ಮರಳಿನೊಳಗಿತ್ತು, ಅಗೆಯದೆ ಈ ಅಚ್ಚು ತೆಗೆಯಲಾಗದು ಎಂದೆ. ಕಾರ್ಯದರ್ಶಿಗಳು ಕಾಗದ ನೋಡಿದರು, ನನ್ನನ್ನು ನೋಡಿದರು. ಅವರ ನಗು ಹೋಗಿತ್ತು.

ಮೊದಲು ಮಾತಾಡಿದವರು ಅಕ್ಕ. ಅಲ್ಲಿಂದಲೇ ಕತ್ತು ಚಾಚಿ, "ಏನ್ ಬರ್ದೈತೆ ಅದ್ರಲ್ಲಿ?" ಎಂದರು.

ಓದಿ ಹೇಳಿದೆ. ಮಗಳು ನಿಲ್ಲಿಸಿದ ಕಲ್ಲು ಎಂದು.

"ಅದಕ್ಕೇ," ಎಂದರು ಅಕ್ಕ. "ಅವ್ರ ಮನೇಲಿ ಹೆಣ್ಮಕ್ಳೇ ನೀರು ಹುಯ್ಯೋದು. ಗಂಡುಮಕ್ಳು ಕೊಡ ಮುಟ್ಟಾಕಿಲ್ಲ. ಯಾಕೆ ಅಂತ ಕೇಳಿದ್ರೆ ಅವ್ರಿಗೇ ಗೊತ್ತಿಲ್ಲ, ಮುಂಚಿಂದ ಹಂಗೇ ಅಂತಾರೆ."

ಎರಡು ತಿಂಗಳು ಆ ಕಾಗದವನ್ನು ಬೀರುವಿನಲ್ಲಿಟ್ಟುಕೊಂಡು ದಿನಾ ನೋಡಿದ್ದೆ. ಐದು ಸಂಕ್ರಾಂತಿ ಆ ಮನೆಯ ಹೆಣ್ಣುಮಕ್ಕಳು ಕೊಡ ಹಿಡಿದು ಬಂದದ್ದನ್ನು ಕಣ್ಣಾರೆ ಕಂಡಿದ್ದೆ, ಫೋನಿನಲ್ಲಿ ಹಿಡಿದಿದ್ದೆ. ಎರಡನ್ನೂ ಕೂಡಿಸಿ ನೋಡಲು ನನಗೆ ಹೊಳೆದಿರಲಿಲ್ಲ. ತಪ್ಪೊಪ್ಪಿಗೆಯ ಕಾಗದ ಮೇಜಿನ ಮೇಲಿರುವಾಗಲೇ, ಎಲ್ಲರೆದುರು, ಹಳೆಯ ಉರಿ ಮತ್ತೆ ಎದ್ದಿತು. ಅದಕ್ಕೆ ನಾಚಿಕೆಯೆಂಬುದಿಲ್ಲ.

ಅಕ್ಕನ ಕೆಲಸ ಉಳಿಯಿತು, ಪೂಜೆಯೂ ಉಳಿಯಿತು. ನನಗೆ ಇನ್ನು ಬರುವುದು ಬೇಡ ಎಂದು ಕಾರ್ಯದರ್ಶಿಗಳು ಮರ್ಯಾದೆಯಿಂದಲೇ ತಿಳಿಸಿದರು. ಆ ಕಲ್ಲಿನ ಬಗ್ಗೆ ಪ್ರೊಫೆಸರು ಲೇಖನ ಬರೆದರು. ಅಚ್ಚು ತೆಗೆದವಳೆಂದು ಅದರಲ್ಲಿ ನನ್ನ ಹೆಸರಿದೆ. ಹೆಣ್ಣುಮಕ್ಕಳು ನೀರು ಹೊಯ್ಯುವ ಸಂಗತಿಯ ಜೊತೆ ಅಕ್ಕನ ಹೆಸರಿದೆ. ಓದಿದವರೆಲ್ಲ ನನ್ನ ಹತ್ತಿರ ಮಾತಾಡಿದ್ದು ಆ ಎರಡನೆಯದರ ಬಗ್ಗೆ.

ಸಭೆ ಮುಗಿದ ಸಂಜೆ ಬಸ್ ನಿಲ್ದಾಣದವರೆಗೆ ಅಕ್ಕನ ಜೊತೆ ನಡೆದೆ. ಕೈಯಲ್ಲಿದ್ದ ಡಬ್ಬಿಯ ಚೀಲ ತೆಗೆದುಕೊಳ್ಳಲು ಹೋದೆ, ಕೊಡಲಿಲ್ಲ. ನಿಲ್ದಾಣದ ಕಟ್ಟೆಯ ಮೇಲೆ ಕೂತು, ಊರುಗೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ರಸ್ತೆ ನೋಡುತ್ತಿದ್ದರು. ಟ್ರಕ್ಕುಗಳು ಹೋಗುತ್ತಿದ್ದವು. ನಾನು ಕ್ಷಮೆ ಕೇಳುವ ಮಾತು ಜೋಡಿಸುತ್ತಿದ್ದೆ. ಅವರೇ ಮೊದಲು ಮಾತಾಡಿದರು.

"ಅಗೆದಿದ್ದುಕ್ಕೆ ನಂಗೇನಿಲ್ಲ ಟೀಚರಮ್ಮ. ಓದಿದೋರಿಗೆ ಆಸೆ ಇರ್ತದೆ. ಒಂದ್ ಮಾತು ಹೇಳಿದ್ರೆ ನಾನೇ ಅಗೆದು ಕೊಡ್ತಿದ್ದೆ. ಆದ್ರೆ ಅವತ್ತು ಬೆಳಿಗ್ಗೆ ಕೇಳಿದ್ನಲ್ಲ ನಿಮ್ಮನ್ನ. ಹೂಂ ಅಂದಿದ್ರೆ ಆಗೋಗ್ತಿತ್ತು. ಹಾರೆ ಅಲ್ಲೇ ಇತ್ತು. ಕಾಲ್ಗಂಟೆ ಕೆಲ್ಸ."

ಅವರು ಊರುಗೋಲನ್ನು ಮಡಿಲಲ್ಲಿ ಸರಿಮಾಡಿಕೊಂಡರು.

"ಯಾಕೆ ಇಲ್ಲ ಅಂದ್ರಿ?"

ಭಯವಾಯಿತು ಎನ್ನಬಹುದಿತ್ತು. ತೋಚಲಿಲ್ಲ ಎನ್ನಬಹುದಿತ್ತು. ಅವರು ನಂಬುತ್ತಿದ್ದರು. ಹದಿನೈದು ಜನ ಸುತ್ತ ನಿಂತಿದ್ದರು, ನಾನು ಹಾಳು ಮಾಡಿದ್ದನ್ನು ನೀವು ಸರಿ ಮಾಡುವುದನ್ನು ಅವರೆಲ್ಲ ನೋಡುತ್ತಾರೆ ಅಂತ, ಎಂದೆ.

ಅಕ್ಕ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಗೊತ್ತಿಲ್ಲದ ಊರಿನ ಹೆಸರು ಕೇಳಿದವರ ಹಾಗೆ ನನ್ನ ಮುಖವನ್ನು ನೋಡಿದರು, ಆಮೇಲೆ ಬ್ಯಾಂಡೇಜು ಸುತ್ತಿದ ಪಾದವನ್ನು ನೋಡಿದರು.

"ಅಷ್ಟುಕ್ಕೇನಾ?" ಎಂದರು.

ಬಸ್ಸು ಬಂತು. ಊರುಗೋಲು ಎತ್ತಿ ತೋರಿಸಿ ಬಸ್ಸನ್ನು ನಿಲ್ಲಿಸಿದರು.